ಜಿಎಸ್‌ಟಿಪಿ1: ವಿಷ ಇಳಿಸುವ ಕಿಣ್ವವನ್ನು ಪ್ರಯೋಗಾಲಯದಲ್ಲಿ ಅಳೆಯುವ ಬಗೆ

ಎಲೆಕ್ಟ್ರಾನಿಗಾಗಿ ಹಸಿದ ಅಣುವೊಂದು ಜೀವಕೋಶದೊಳಗೆ ಹೊಕ್ಕರೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಪ್ರೋಟೀನಿಗೆ ಅಂಟಿದರೆ ಅದರ ಕೆಲಸ ಕೆಡುತ್ತದೆ, ಡಿಎನ್‌ಎಗೆ ಅಂಟಿದರೆ ಬರಹವೇ ತಪ್ಪಾಗುತ್ತದೆ. ಇದನ್ನು ತಡೆಯಲು ಜೀವಕೋಶ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಮುಂದೊಡ್ಡುತ್ತದೆ. ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್ ಎಂಬ ಮೂರು ಅಮೈನೊ ಆಮ್ಲಗಳ ಪುಟ್ಟ ಸರಪಳಿ ಇದು. ಜೀವಕೋಶದಲ್ಲಿ ಸುಮಾರು 1ರಿಂದ 10 ಮಿಲಿಮೋಲಾರ್‌ನಷ್ಟು ಇರುತ್ತದೆ. ಅದರ ಸಿಸ್ಟೀನಿನಲ್ಲಿರುವ ಗಂಧಕ ಅಪಾಯದ ಅಣುವನ್ನು ಹಿಡಿದುಕೊಳ್ಳುತ್ತದೆ, ಜೋಡಿಯಾದದ್ದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಪೊರೆಯ ಪಂಪುಗಳು ಅದನ್ನು ಹೊರದಬ್ಬುತ್ತವೆ, ಕೊನೆಗೆ ಮರ್ಕ್ಯಾಪ್ಟುರಿಕ್ ಆಮ್ಲದ ರೂಪದಲ್ಲಿ ಮೂತ್ರದ ಮೂಲಕ ಆಚೆ ಹೋಗುತ್ತದೆ. ಬ್ರೋಮೋಬೆಂಜೀನ್ ಕೊಟ್ಟ ನಾಯಿಗಳ ಮೂತ್ರದಲ್ಲಿ ಇಂಥ ಆಮ್ಲಗಳು 1879ರಲ್ಲೇ ಕಂಡಿದ್ದವು. ಈ ಜೋಡಣೆ ಮಾಡುವ ಕಿಣ್ವ ಇಲಿಯ ಯಕೃತ್ತಿನಲ್ಲಿ ಪತ್ತೆಯಾದದ್ದು 1961ರಲ್ಲಿ, ಬೂತ್, ಬಾಯ್ಲೆಂಡ್ ಮತ್ತು ಸಿಮ್ಸ್ ಅವರ ಕೆಲಸದಿಂದ.

ಆ ಕಿಣ್ವಗಳ ಕುಟುಂಬದ ಹೆಸರು ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್, ಚಿಕ್ಕದಾಗಿ ಜಿಎಸ್‌ಟಿ. ಇಲ್ಲಿ ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಹೇಳುವುದೆಲ್ಲ ಅದರ ಮೇಲೇ ನಿಂತಿದೆ. ಗ್ಲುಟಾಥಯೋನ್ ಮತ್ತು ಅಪಾಯದ ಅಣು ಕಿಣ್ವವಿಲ್ಲದೆಯೂ ಕೂಡಿಕೊಳ್ಳುತ್ತವೆ. ನಿಧಾನವಾಗಿ, ಆದರೆ ಖಂಡಿತವಾಗಿ. ಕಿಣ್ವ ಮಾಡುವುದು ಆ ವೇಗವನ್ನು ಹೆಚ್ಚಿಸುವ ಕೆಲಸ ಮಾತ್ರ. ಹಾಗಾಗಿ ಈ ಕಿಣ್ವವನ್ನು ಅಳೆಯುವುದೆಂದರೆ ಎರಡು ವೇಗಗಳ ನಡುವಿನ ವ್ಯತ್ಯಾಸವನ್ನು ಅಳೆಯುವುದು. ಕಿಣ್ವವಿಲ್ಲದ ವೇಗವನ್ನು ಸರಿಯಾಗಿ ಅಳೆಯದವರು ಕಿಣ್ವವನ್ನೂ ಅಳೆದಂತಾಗುವುದಿಲ್ಲ.

ಮನುಷ್ಯರ ಕೋಶದ್ರವದಲ್ಲಿ ಇರುವ ಜಿಎಸ್‌ಟಿಗಳನ್ನು ಆಲ್ಫಾ, ಮ್ಯೂ, ಪೈ, ಥೀಟಾ, ಒಮೇಗಾ, ಸಿಗ್ಮಾ, ಝೀಟಾ ಎಂದು ವಿಂಗಡಿಸುತ್ತಾರೆ. ಯಕೃತ್ತಿನಲ್ಲಿ ಆಲ್ಫಾ ವರ್ಗದ್ದೇ ಮೇಲುಗೈ. ಪೈ ವರ್ಗದ ಜಿಎಸ್‌ಟಿಪಿ1 ಜರಾಯು, ಶ್ವಾಸಕೋಶ, ಕೆಂಪು ರಕ್ತಕಣಗಳಲ್ಲಿ ಧಾರಾಳವಾಗಿದೆ. ಅನೇಕ ಗಡ್ಡೆಗಳಲ್ಲಿ ಅದರ ಪ್ರಮಾಣ ಏರುತ್ತದೆ, ಆದರೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಅದರ ವಂಶವಾಹಿಯ ಆರಂಭದ ಭಾಗಕ್ಕೆ ಮೀಥೈಲ್ ಗುಂಪುಗಳು ಸೇರಿ ಅದು ಮೌನವಾಗಿಬಿಡುತ್ತದೆ. ಔಷಧ ಸಂಶೋಧನೆಯಲ್ಲಿ ಈ ಕಿಣ್ವಕ್ಕೆ ಬೇಡಿಕೆ ಬಂದದ್ದೂ ಕ್ಯಾನ್ಸರಿನೊಂದಿಗಿನ ಈ ನಂಟಿನಿಂದಲೇ. ಉದಾಹರಣೆಗೆ ಇದನ್ನೇ ಇಟ್ಟುಕೊಳ್ಳೋಣ.

ಕಿಣ್ವದ ಮೈಕಟ್ಟು

ಜಿಎಸ್‌ಟಿಪಿ1ರ ವಂಶವಾಹಿ 11ನೇ ವರ್ಣತಂತುವಿನಲ್ಲಿದೆ. ಅದು ಬರೆಯುವ ಸರಪಳಿಯಲ್ಲಿ ಮೊದಲ ಮೆಥಿಯೋನಿನ್ ಸೇರಿ 210 ಅಮೈನೊ ಆಮ್ಲಗಳು. ತೂಕ ಸುಮಾರು 23 ಕಿಲೋಡಾಲ್ಟನ್. ಎರಡು ಸರಪಳಿಗಳು ಜೋಡಿಯಾದಾಗಲೇ ಕಿಣ್ವಕ್ಕೆ ಕೆಲಸ ಮಾಡುವ ಶಕ್ತಿ ಬರುವುದು. ಪ್ರತಿ ಸರಪಳಿಯಲ್ಲೂ ಗ್ಲುಟಾಥಯೋನ್ ಕೂರುವ ತಾಣ ಒಂದು, ಅದರ ಪಕ್ಕದಲ್ಲೇ ಕೊಬ್ಬಿನ ಗುಣದ ಅಣು ಕೂರುವ ತಾಣ ಇನ್ನೊಂದು.

ಕೆಲಸದ ಗುಟ್ಟು ಇರುವುದು ಏಳನೆಯ ಸ್ಥಾನದ ಟೈರೋಸೀನಿನಲ್ಲಿ. ಗ್ಲುಟಾಥಯೋನಿನ ಗಂಧಕ ತನ್ನ ಹೈಡ್ರೋಜನನ್ನು ಬಿಟ್ಟುಕೊಟ್ಟು ಋಣಾವೇಶ ಪಡೆದಾಗ ಮಾತ್ರ ಚುರುಕಾಗಿ ದಾಳಿ ಮಾಡಬಲ್ಲದು. ಅರ್ಧದಷ್ಟು ಅಣುಗಳು ಹೈಡ್ರೋಜನನ್ನು ಬಿಟ್ಟುಕೊಡುವ ಪಿಎಚ್‌ಗೆ ಪಿಕೆಎ ಎನ್ನುತ್ತಾರೆ. ಬರಿಯ ನೀರಿನಲ್ಲಿ ಅದು ಸುಮಾರು 9, ಅಂದರೆ ಪಿಎಚ್ 6.5ರಲ್ಲಿ ಮುನ್ನೂರರಲ್ಲಿ ಒಂದು ಅಣು ಆ ಸ್ಥಿತಿಯಲ್ಲಿದ್ದರೆ ಹೆಚ್ಚು. ಕಿಣ್ವದೊಳಗೆ ಟೈರೋಸೀನಿನ ಹೈಡ್ರಾಕ್ಸಿಲ್ ಗುಂಪು ಋಣಾವೇಶದ ಗಂಧಕಕ್ಕೆ ಆಸರೆ ಕೊಡುವುದರಿಂದ ಪಿಕೆಎ 6.5ರ ಆಸುಪಾಸಿಗೆ ಇಳಿಯುತ್ತದೆ. ಅದೇ ಪಿಎಚ್‌ನಲ್ಲಿ ಈಗ ಅರ್ಧದಷ್ಟು ಅಣುಗಳು ಸಜ್ಜಾಗಿ ನಿಂತಿರುತ್ತವೆ. ಪ್ರಯೋಗಕ್ಕೆ ಪಿಎಚ್ 6.5 ಆರಿಸಿಕೊಳ್ಳುವುದು ಇದಕ್ಕೇ. ಪಿಎಚ್ ಅನ್ನು 7.5ಕ್ಕೆ ಏರಿಸಿದರೆ ಕಿಣ್ವವಿಲ್ಲದ ಕ್ರಿಯೆ ಹೆಚ್ಚುಕಡಿಮೆ ಹತ್ತು ಪಟ್ಟು ಏರುತ್ತದೆ, ಕಿಣ್ವದ ಕ್ರಿಯೆ ಅಷ್ಟು ಏರುವುದಿಲ್ಲ. ದೇಹದ ಪಿಎಚ್ 7.4 ಅಲ್ಲವೇ, ಅದರಲ್ಲೇ ಮಾಡೋಣ ಎಂದು ಹೊರಟವರಿಗೆ ಹಿನ್ನೆಲೆಯ ಗದ್ದಲದಲ್ಲಿ ಕಿಣ್ವದ ದನಿ ಕೇಳಿಸದೆ ಹೋಗುವುದು ಹೀಗೆ.

ಇನ್ನೊಂದು ಮುಖ್ಯ ಭಾಗ 47ನೇ ಸ್ಥಾನದ ಸಿಸ್ಟೀನ್. ಇದು ಬಹಳ ಚುರುಕು, ಅಷ್ಟೇ ಸೂಕ್ಷ್ಮ. ಗಾಳಿಯ ಆಮ್ಲಜನಕ, ಹೈಡ್ರೋಜನ್ ಪೆರಾಕ್ಸೈಡ್, ಲೋಹದ ಅಯಾನುಗಳು ತಾಗಿದರೆ 101ನೇ ಸ್ಥಾನದ ಸಿಸ್ಟೀನಿನೊಂದಿಗೆ ಗಂಧಕದ ಸೇತುವೆ ಕಟ್ಟಿಕೊಳ್ಳುತ್ತದೆ. ಆಗ ಕಿಣ್ವದ ಆಕಾರ ಬಿಗಿದುಕೊಂಡು ಕೆಲಸ ನಿಲ್ಲುತ್ತದೆ. ಬೇರೆ ಎಷ್ಟೋ ಜಿಎಸ್‌ಟಿಗಳಿಗೆ ಇಲ್ಲದ ದೌರ್ಬಲ್ಯ ಇದು. ಶೇಖರಣೆಯ ಬಫರಿನಲ್ಲಿ, ಅಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣದಲ್ಲಿ, ಗಂಧಕದ ಸೇತುವೆ ಬಿಡಿಸುವ ಡಿಟಿಟಿ 1 ಮಿಲಿಮೋಲಾರ್ ಏಕಿರುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಮೊದಲ ಮೆಥಿಯೋನಿನನ್ನು ಎಣಿಕೆಗೆ ಸೇರಿಸುವವರು ಇವನ್ನೇ 48 ಮತ್ತು 102 ಎಂದು ಬರೆಯುತ್ತಾರೆ. ಎರಡೂ ಬರಹಗಳು ಹೇಳುವುದು ಒಂದೇ ಸಿಸ್ಟೀನನ್ನು ಎಂಬುದನ್ನು ಗಮನಿಸದೆ ರೂಪಾಂತರ ಮಾಡಲು ಪ್ರೈಮರ್ ಎಂಬ ಡಿಎನ್‌ಎ ತುಣುಕನ್ನು ಬರೆದರೆ ಪಕ್ಕದ ಅಮೈನೊ ಆಮ್ಲ ಬದಲಾಗಿಬಿಡುತ್ತದೆ.

ಬ್ಯಾಕ್ಟೀರಿಯಾದಿಂದ ಟ್ಯೂಬಿನವರೆಗೆ

ಪುನಸ್ಸಂಯೋಜಿತ ಎಂದರೆ ಮನುಷ್ಯರ ವಂಶವಾಹಿಯ ಬರಹವನ್ನು ಬೇರೊಂದು ಜೀವಿಯ ಒಳಗಿಟ್ಟು ಅದರ ಕೈಯಲ್ಲಿ ಪ್ರೋಟೀನ್ ಮಾಡಿಸಿದ್ದು. ಜಿಎಸ್‌ಟಿಪಿ1ರ ಮಟ್ಟಿಗೆ ಇದು ಕಷ್ಟದ ಕೆಲಸವಲ್ಲ. ಇ. ಕೋಲಿ ಸಾಕು. ಸಕ್ಕರೆಯ ಅಲಂಕಾರ ಬೇಕಿಲ್ಲ, ಪೊರೆಯಲ್ಲಿ ಹುದುಗುವ ಭಾಗವಿಲ್ಲ, ಹೀಮ್‌ನಂಥ ಜೊತೆಗಾರ ಅಣುವೂ ಬೇಡ. ಸೈಟೋಕ್ರೋಮ್ ಪಿ450 ಕಿಣ್ವಗಳು ಕೆಲಸ ಮಾಡಲು ಪೊರೆಯೂ ಬೇಕು, ಜೊತೆಗೆ ಎಲೆಕ್ಟ್ರಾನ್ ಒದಗಿಸುವ ಇನ್ನೊಂದು ಕಿಣ್ವವೂ ಬೇಕು. ಅವುಗಳೊಂದಿಗೆ ಹೋಲಿಸಿದರೆ ಇದು ಸಾಧು ಪ್ರೋಟೀನು. ಇ. ಕೋಲಿಯ ಬಿಎಲ್21 ತಳಿಗೆ, ಸೇರಿಸಿದ ವಂಶವಾಹಿಯನ್ನು ಚಾಲೂ ಮಾಡುವ ಐಪಿಟಿಜಿಯನ್ನು 0.1ರಿಂದ 0.5 ಮಿಲಿಮೋಲಾರ್ ಕೊಟ್ಟು 18ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬೆಳೆಸಿದರೆ ಬಹುಪಾಲು ಕರಗಿದ ಸ್ಥಿತಿಯಲ್ಲೇ ಸಿಗುತ್ತದೆ.

ಶುದ್ಧೀಕರಣದ ಎರಡು ದಾರಿಗಳಿಗೂ ಅವುಗಳದೇ ತೊಡಕುಗಳಿವೆ. ಆರು ಹಿಸ್ಟಿಡೀನ್‌ಗಳ ಬಾಲ ಸೇರಿಸಿ ನಿಕ್ಕಲ್ ಕಾಲಮ್ಮಿನಲ್ಲಿ ಹಿಡಿಯುವುದು ಒಂದು ದಾರಿ. 20 ಮಿಲಿಮೋಲಾರ್ ಇಮಿಡಜೋಲ್‌ನಿಂದ ತೊಳೆದು 250 ಮಿಲಿಮೋಲಾರ್‌ನಿಂದ ಇಳಿಸಿಕೊಳ್ಳುತ್ತಾರೆ. ಕಾಲಮ್ಮಿನಿಂದ ಸೋರಿದ ನಿಕ್ಕಲ್ ಆ ಸೂಕ್ಷ್ಮ ಸಿಸ್ಟೀನ್‌ಗಳನ್ನು ಕೆಡಿಸುವುದರಿಂದ ಇಳಿಸಿಕೊಂಡ ಕೂಡಲೇ ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಮತ್ತು ಡಿಟಿಟಿ ಇರುವ ಬಫರಿಗೆ ಡಯಾಲಿಸಿಸ್ ಮಾಡಬೇಕು. ಕಾಲಮ್ಮಿನ ಮೇಲೇ ಡಿಟಿಟಿ ಹಾಕಿದರೆ ನಿಕ್ಕಲ್ ಕಂದುಬಣ್ಣಕ್ಕೆ ತಿರುಗಿ ರೆಸಿನ್ ಹಾಳಾಗುತ್ತದೆ. ಎರಡನೆಯ ದಾರಿ, ಗ್ಲುಟಾಥಯೋನನ್ನೇ ಕೂರಿಸಿದ ಕಾಲಮ್. ಕಿಣ್ವ ತನ್ನ ನೆಚ್ಚಿನ ಅಣುವನ್ನು ತಾನೇ ಹಿಡಿದು ನಿಲ್ಲುತ್ತದೆ, 10 ಮಿಲಿಮೋಲಾರ್ ಗ್ಲುಟಾಥಯೋನ್ ಹಾಯಿಸಿದಾಗ ಬಿಡುತ್ತದೆ. ಹೀಗೆ ಬಂದ ಕಿಣ್ವದ ಜೊತೆ ಗ್ಲುಟಾಥಯೋನೂ ಬಂದಿರುತ್ತದೆ. ಅದನ್ನು ಪೂರ್ತಿ ತೆಗೆಯದೆ ಗ್ಲುಟಾಥಯೋನಿನ ಕೆಎಂ, ಅಂದರೆ ಗರಿಷ್ಠ ವೇಗದ ಅರ್ಧ ಸಿಗುವ ಪ್ರಮಾಣ, ಅಳೆದರೆ ಸಿಗುವ ಅಂಕಿ ಸುಳ್ಳು. ಇ. ಕೋಲಿಗೂ ತನ್ನದೇ ಜಿಎಸ್‌ಟಿ ಇದೆ, ಅದೂ ಇದೇ ಕಾಲಮ್ಮಿಗೆ ಅಂಟಬಲ್ಲದು ಎಂಬುದನ್ನೂ ಮರೆಯಬಾರದು.

ಕೊಳ್ಳುವಾಗ ಜನ ಎಡವುವ ಜಾಗವೊಂದಿದೆ. ಪ್ರೋಟೀನುಗಳನ್ನು ಸುಲಭವಾಗಿ ಶುದ್ಧೀಕರಿಸಲು ‘ಜಿಎಸ್‌ಟಿ ಟ್ಯಾಗ್’ ಎಂಬ ಬಾಲವನ್ನು 1988ರಿಂದ ಬಳಸುತ್ತಾರೆ. ಅದು ಷಿಸ್ಟೋಸೋಮಾ ಜಪೋನಿಕಮ್ ಎಂಬ ಪರಾವಲಂಬಿ ಹುಳುವಿನ ಜಿಎಸ್‌ಟಿ, ತೂಕ ಸುಮಾರು 26 ಕಿಲೋಡಾಲ್ಟನ್. ಮನುಷ್ಯರ ಜಿಎಸ್‌ಟಿಪಿ1ಕ್ಕೇ ಈ ಬಾಲ ಹಚ್ಚಿದ ಸರಕೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಪ್ರತಿಕಾಯ ಪರೀಕ್ಷೆಗೆ ಅದು ಆಗಬಹುದು. ಚಟುವಟಿಕೆ ಅಳೆಯಲು ಮಾತ್ರ ಬೇಡವೇ ಬೇಡ, ಏಕೆಂದರೆ ಬಾಲವೂ ಅದೇ ಕ್ರಿಯೆಯನ್ನು ನಡೆಸುತ್ತದೆ. ಕಾಣುವ ವೇಗದಲ್ಲಿ ಮನುಷ್ಯರದೆಷ್ಟು, ಹುಳುವಿನದೆಷ್ಟು ಎಂದು ಬಿಡಿಸಲು ಆಗದು. ಹಿಸ್ಟಿಡೀನ್ ಬಾಲ ಇರುವುದನ್ನೋ, ಬಾಲ ಕತ್ತರಿಸಿದ್ದನ್ನೋ ತೆಗೆದುಕೊಳ್ಳಬೇಕು. ಹಿಸ್ಟಿಡೀನ್ ಬಾಲವೂ ಅದರ ಕೊಂಡಿಯೂ ಸೇರಿ ಸಾಮಾನ್ಯವಾಗಿ ಎರಡು ಕಿಲೋಡಾಲ್ಟನ್‌ಗೂ ಮೀರಿ ತೂಕ ಕೂಡುವುದರಿಂದ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ಲಿನಲ್ಲಿ ಪಟ್ಟಿ 23ರ ಬದಲು 25–26ರ ಹತ್ತಿರ ಕಂಡರೆ ಗಾಬರಿ ಬೇಡ.

ಪ್ರಮಾಣಪತ್ರವನ್ನು ಓದುವುದು

ಟ್ಯೂಬಿನ ಜೊತೆ ಬರುವ ಹಾಳೆಯಲ್ಲಿ ‘ಶೇ. 95ಕ್ಕಿಂತ ಹೆಚ್ಚು ಶುದ್ಧ’ ಎಂದಿರುತ್ತದೆ. ಜೆಲ್ಲಿನ ಮೇಲೆ ಬೇರೆ ಪಟ್ಟಿಗಳು ಕಾಣಲಿಲ್ಲ ಎಂದಷ್ಟೇ ಇದರ ಅರ್ಥ. ಆ ಪ್ರೋಟೀನಿನಲ್ಲಿ ಜೀವವಿದೆಯೇ ಎಂಬುದನ್ನು ಜೆಲ್ ಹೇಳಲಾರದು. ಸಿಸ್ಟೀನ್ ಸೇತುವೆ ಕಟ್ಟಿಕೊಂಡು ನಿಷ್ಕ್ರಿಯವಾದ ಕಿಣ್ವವೂ ಡಿಟಿಟಿ ಹಾಕಿ ಕುದಿಸಿದ ಜೆಲ್ಲಿನಲ್ಲಿ ಅದೇ ಜಾಗದಲ್ಲಿ, ಅದೇ ದಪ್ಪದಲ್ಲಿ ಕಾಣುತ್ತದೆ. ನೋಡಬೇಕಾದದ್ದು ನಿರ್ದಿಷ್ಟ ಚಟುವಟಿಕೆಯನ್ನು, ಅಂದರೆ ಒಂದು ಮಿಲಿಗ್ರಾಂ ಪ್ರೋಟೀನ್ ಒಂದು ನಿಮಿಷದಲ್ಲಿ ಎಷ್ಟು ಮೈಕ್ರೋಮೋಲ್ ಉತ್ಪನ್ನ ಕೊಡುತ್ತದೆ ಎಂಬುದನ್ನು. ನಿಮಿಷಕ್ಕೆ ಒಂದು ಮೈಕ್ರೋಮೋಲ್ ಎಂದರೆ ಒಂದು ಯೂನಿಟ್. ಒಳ್ಳೆಯ ಸ್ಥಿತಿಯ ಜಿಎಸ್‌ಟಿಪಿ1 ಮುಂದೆ ಹೇಳುವ ಪ್ರಯೋಗದಲ್ಲಿ ಮಿಲಿಗ್ರಾಂಗೆ 100 ಯೂನಿಟ್‌ನ ಆಸುಪಾಸು ತೋರಿಸುತ್ತದೆ. 20 ಅಥವಾ 30 ಬಂದರೆ ಕಿಣ್ವಕ್ಕೆ ಏನೋ ಆಗಿದೆ.

ಆದರೆ ಎರಡು ಹಾಳೆಗಳ ಅಂಕಿಗಳನ್ನು ಹೋಲಿಸುವ ಮುನ್ನ ಯೂನಿಟ್ಟಿನ ವ್ಯಾಖ್ಯೆಯನ್ನು ಓದಬೇಕು. ಕೆಲವರು 25 ಡಿಗ್ರಿಯಲ್ಲಿ ಅಳೆಯುತ್ತಾರೆ, ಕೆಲವರು 30 ಅಥವಾ 37ರಲ್ಲಿ. ಕೆಲವರು ಮೈಕ್ರೋಮೋಲ್ ಲೆಕ್ಕದಲ್ಲಿ ಬರೆದರೆ ಇನ್ನು ಕೆಲವರು ಮೈಕ್ರೋಗ್ರಾಂಗೆ ಇಷ್ಟು ಪಿಕೋಮೋಲ್ ಎನ್ನುತ್ತಾರೆ. ಆ ಲೆಕ್ಕದಲ್ಲಿ 1 ಯೂನಿಟ್ ಬರುವುದು 1000 ಎಂದು. ದೊಡ್ಡ ಅಂಕಿ ಕಂಡೊಡನೆ ದೊಡ್ಡ ಚಟುವಟಿಕೆ ಎಂದುಕೊಳ್ಳುವುದು ತಪ್ಪು.

ಟ್ಯೂಬನ್ನು ತೆರೆಯುವ ಮೊದಲು ಕೆಲವು ಸೆಕೆಂಡು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ. ಒಣಪುಡಿಯೋ ಹನಿಯೋ ಮುಚ್ಚಳಕ್ಕೆ ಅಂಟಿರುತ್ತದೆ. ಪುಡಿಯಾಗಿದ್ದರೆ ಮಿಲಿಲೀಟರಿಗೆ 0.1 ಮಿಲಿಗ್ರಾಂಗಿಂತ ತೆಳುವಾಗದಂತೆ ಕರಗಿಸಿ, ಜೋರಾಗಿ ಕುಲುಕದೆ ಹತ್ತು ನಿಮಿಷ ಮಂಜುಗಡ್ಡೆಯ ಮೇಲೆ ಬಿಡಿ. ನಂತರ 10–20 ಮೈಕ್ರೋಲೀಟರಿನ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಪಾಲನ್ನು ಒಮ್ಮೆ ಕರಗಿಸಿದರೆ ಅಂದೇ ಬಳಸಿ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಪ್ರೋಟೀನಿನ ಪ್ರಮಾಣ ಅಳೆಯಲು ಬ್ರಾಡ್‌ಫೋರ್ಡ್ ವಿಧಾನ ಬಳಸಿ. ಬಿಸಿಎ ವಿಧಾನದಲ್ಲಿ ಡಿಟಿಟಿಯೇ ತಾಮ್ರವನ್ನು ಅಪಕರ್ಷಿಸಿ ಇಲ್ಲದ ಪ್ರೋಟೀನನ್ನು ತೋರಿಸುತ್ತದೆ.

ಪ್ರಯೋಗ

1974ರಲ್ಲಿ ಹಬಿಗ್, ಪಾಬ್ಸ್ಟ್ ಮತ್ತು ಯಾಕೋಬಿ ವಿವರಿಸಿದ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ಅಪಾಯದ ಅಣುವಿನ ಪಾತ್ರಕ್ಕೆ 1-ಕ್ಲೋರೊ-2,4-ಡೈನೈಟ್ರೋಬೆಂಜೀನ್, ಚಿಕ್ಕದಾಗಿ ಸಿಡಿಎನ್‌ಬಿ. ಅದರ ಎರಡು ನೈಟ್ರೋ ಗುಂಪುಗಳು ಬೆಂಜೀನ್ ಉಂಗುರದ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುತ್ತವೆ, ಗ್ಲುಟಾಥಯೋನಿನ ಗಂಧಕ ಕ್ಲೋರಿನ್ ಇರುವ ಇಂಗಾಲದ ಮೇಲೆ ದಾಳಿ ಮಾಡುತ್ತದೆ, ಕ್ಲೋರೈಡ್ ಬಿಟ್ಟು ಹೋಗುತ್ತದೆ. ಉಳಿದ ಉತ್ಪನ್ನ 340 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ. ಅದರ ಹೀರಿಕೆಯ ಗುಣಾಂಕ ಪ್ರತಿ ಮಿಲಿಮೋಲಾರಿಗೆ, ಪ್ರತಿ ಸೆಂಟಿಮೀಟರಿಗೆ 9.6.

ಸಿಡಿಎನ್‌ಬಿ ಬಗ್ಗೆ ಒಂದು ಎಚ್ಚರಿಕೆ. ಚರ್ಮಕ್ಕೆ ತಾಗಿದರೆ ತೀವ್ರ ಅಲರ್ಜಿ ಹುಟ್ಟಿಸುವ ವಸ್ತು ಇದು. ಒಮ್ಮೆ ಅಲರ್ಜಿ ಬೆಳೆದರೆ ಮುಂದೆ ಅತಿ ಅಲ್ಪ ಪ್ರಮಾಣವೂ ಗುಳ್ಳೆ ಎಬ್ಬಿಸುತ್ತದೆ. ತೂಕ ಮಾಡುವಾಗ ನೈಟ್ರೈಲ್ ಕೈಗವಸನ್ನು ಎರಡು ಪದರ ಹಾಕಿಕೊಳ್ಳಿ, ಚೆಲ್ಲಿದರೆ ಮೇಲಿನದನ್ನು ತಕ್ಷಣ ಬದಲಾಯಿಸಿ, ಕೆಲಸವನ್ನು ಫ್ಯೂಮ್ ಹುಡ್ಡಿನಲ್ಲಿ ಮಾಡಿ. ಉಳಿದ ದ್ರಾವಣ, ಬಳಸಿದ ಕ್ಯುವೆಟ್‌ನಲ್ಲಿದ್ದದ್ದು (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆಯೇ ಕ್ಯುವೆಟ್) ಸಿಂಕಿಗೆ ಹೋಗಬಾರದು, ಹ್ಯಾಲೋಜನ್ ಇರುವ ತ್ಯಾಜ್ಯದ ಡಬ್ಬಿಗೇ ಹೋಗಬೇಕು.

ಬಫರ್: 100 ಮಿಲಿಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್, ಪಿಎಚ್ 6.5, ಜೊತೆಗೆ 1 ಮಿಲಿಮೋಲಾರ್ ಇಡಿಟಿಎ. ಡೈಪೊಟ್ಯಾಸಿಯಂ ಲವಣದ ದ್ರಾವಣ ಒಂದು ಪಾಲು, ಮೊನೊಪೊಟ್ಯಾಸಿಯಂ ಎರಡು ಪಾಲು ಬೆರೆಸಿದರೆ ಈ ಪಿಎಚ್ ಹತ್ತಿರಕ್ಕೆ ಬರುತ್ತದೆ, ಮೀಟರಿನಲ್ಲಿ ನೋಡಿ ಸರಿಪಡಿಸಬೇಕು. ಗ್ಲುಟಾಥಯೋನ್: ಮಿಲಿಲೀಟರ್ ನೀರಿಗೆ 30.7 ಮಿಲಿಗ್ರಾಂ, ಅದು 100 ಮಿಲಿಮೋಲಾರ್. ಅಂದಂದಿಗೆ ಮಾಡಿ ಮಂಜುಗಡ್ಡೆಯ ಮೇಲಿಡಿ. ಸಿಡಿಎನ್‌ಬಿ: ಮಿಲಿಲೀಟರ್ ಎಥನಾಲಿಗೆ 20.3 ಮಿಲಿಗ್ರಾಂ, ಇದೂ 100 ಮಿಲಿಮೋಲಾರ್. ಬೆಳಕು ತಾಗದಂತೆ ಮುಚ್ಚಿಡಿ.

ಕಿಣ್ವವನ್ನು ತೆಳು ಮಾಡುವುದು ಇಡೀ ಕೆಲಸದಲ್ಲಿ ಹೆಚ್ಚು ತಪ್ಪು ನುಸುಳುವ ಹಂತ. ಟ್ಯೂಬಿನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಇದೆ ಎಂದುಕೊಳ್ಳಿ. 10 ಮೈಕ್ರೋಲೀಟರನ್ನು 490 ಮೈಕ್ರೋಲೀಟರ್ ತಣ್ಣನೆಯ ಬಫರಿಗೆ ಸೇರಿಸಿದರೆ ಐವತ್ತು ಪಟ್ಟು ತೆಳುವಾಗಿ ಮಿಲಿಲೀಟರಿಗೆ 0.02 ಮಿಲಿಗ್ರಾಂ ಆಗುತ್ತದೆ. ಆ ಬಫರಿನಲ್ಲಿ ಮಿಲಿಲೀಟರಿಗೆ 0.1 ಮಿಲಿಗ್ರಾಂ ದನದ ಸೀರಮ್ ಆಲ್ಬುಮಿನ್ ಇರಲಿ. ಇಷ್ಟು ತೆಳುವಾದ ಕಿಣ್ವ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿ ಮಾಯವಾಗುತ್ತದೆ, ಆಲ್ಬುಮಿನ್ ಆ ಗೋಡೆಯನ್ನು ಮೊದಲೇ ಆಕ್ರಮಿಸಿ ಕಿಣ್ವವನ್ನು ಉಳಿಸುತ್ತದೆ. 1 ಮೈಕ್ರೋಲೀಟರ್ ತೆಗೆದು 49ಕ್ಕೆ ಹಾಕಿದರೂ ಲೆಕ್ಕ ಅದೇ ಎನಿಸಬಹುದು. ಆದರೆ ಶೇಖರಣೆಯ ಬಫರಿನಲ್ಲಿ ಗ್ಲಿಸರಾಲ್ ಇರುತ್ತದೆ, ಅದು ತುದಿಯ ಹೊರಮೈಗೆ ಅಂಟಿಕೊಂಡು ಬಂದು ಒಂದು ಮೈಕ್ರೋಲೀಟರ್ ಸುಲಭವಾಗಿ ಒಂದೂವರೆ ಆಗುತ್ತದೆ. ದೊಡ್ಡ ಗಾತ್ರವನ್ನೇ ತೆಗೆಯಿರಿ, ತುದಿಯನ್ನು ದ್ರವದ ಮೇಲ್ಮೈಯಲ್ಲಷ್ಟೇ ಅದ್ದಿ.

ಇನ್ನು ಕ್ಯುವೆಟ್. 25 ಡಿಗ್ರಿಗೆ ಬೆಚ್ಚಗಾದ 970 ಮೈಕ್ರೋಲೀಟರ್ ಬಫರ್ ಹಾಕಿ, 10 ಮೈಕ್ರೋಲೀಟರ್ ಸಿಡಿಎನ್‌ಬಿ ಸೇರಿಸಿ ಕೂಡಲೇ ಚೆನ್ನಾಗಿ ಬೆರೆಸಿ, ನಂತರ 10 ಮೈಕ್ರೋಲೀಟರ್ ಗ್ಲುಟಾಥಯೋನ್. ಈಗ ಎರಡೂ 1 ಮಿಲಿಮೋಲಾರ್ ಆಗಿವೆ, ಎಥನಾಲ್ ಶೇ. 1. ಕಿಣ್ವ ಇನ್ನೂ ಬಿದ್ದಿಲ್ಲ. ಒಂದೆರಡು ನಿಮಿಷ 340ರಲ್ಲಿ ಏರಿಕೆಯನ್ನು ನೋಡಿ. ಇದೇ ಕಿಣ್ವವಿಲ್ಲದ ವೇಗ. ಬೇರೆ ಕ್ಯುವೆಟ್‌ನಲ್ಲಿ ಅಳೆದ ಬ್ಲಾಂಕ್‌ಗಿಂತ ಅದೇ ಕ್ಯುವೆಟ್‌ನ, ಅದೇ ಉಷ್ಣತೆಯ ಈ ಬ್ಲಾಂಕ್ ಹೆಚ್ಚು ನಂಬಿಕೆಗೆ ಅರ್ಹ. ಆಮೇಲೆ 10 ಮೈಕ್ರೋಲೀಟರ್ ಕಿಣ್ವ ಹಾಕಿ, ಬೆರೆಸಿ, ಮೂರು ನಿಮಿಷ ಓದಿ. ಕಿಣ್ವದ ಬದಲು ಅದನ್ನು ತೆಳು ಮಾಡಿದ ಬಫರನ್ನು ಮಾತ್ರ ಹಾಕಿದ ಒಂದು ಓಟವೂ ಇರಲಿ. ಡಿಟಿಟಿಯೂ ಗ್ಲುಟಾಥಯೋನಿನಂತೆ ಥಯೋಲ್, ಅಂದರೆ ಹೈಡ್ರೋಜನ್ ಹೊತ್ತ ಗಂಧಕ ಇರುವ ಅಣು, ಅದೂ ಸಿಡಿಎನ್‌ಬಿ ಜೊತೆ ಕೂಡುತ್ತದೆ. ಮೇಲಿನಂತೆ ತೆಳು ಮಾಡಿದಾಗ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಆದರೆ ಕಿಣ್ವವನ್ನು ತೆಳು ಮಾಡದೆ ಹೆಚ್ಚು ಸುರಿದರೆ ಹಾಗಲ್ಲ.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಕಿಣ್ವ ಹಾಕಿದ ಮೇಲೆ ಹೀರಿಕೆ ನಿಮಿಷಕ್ಕೆ 0.198ರಂತೆ ಏರಿತು, ಹಾಕುವ ಮುನ್ನ 0.006ರಂತೆ ಏರುತ್ತಿತ್ತು. ವ್ಯತ್ಯಾಸ 0.192. ಅದನ್ನು 9.6ರಿಂದ ಭಾಗಿಸಿದರೆ ನಿಮಿಷಕ್ಕೆ 0.020 ಮಿಲಿಮೋಲಾರ್, ಅಂದರೆ ಒಂದು ಮಿಲಿಲೀಟರಿನಲ್ಲಿ 0.020 ಮೈಕ್ರೋಮೋಲ್. ಹಾಕಿದ ಕಿಣ್ವ 0.2 ಮೈಕ್ರೋಗ್ರಾಂ, ಅಂದರೆ 0.0002 ಮಿಲಿಗ್ರಾಂ. ಭಾಗಿಸಿದರೆ ಮಿಲಿಗ್ರಾಂಗೆ 100 ಯೂನಿಟ್. ಇದನ್ನು ಸರಪಳಿಯ ತೂಕದಿಂದ ಗುಣಿಸಿದರೆ ಪ್ರತಿ ಸರಪಳಿ ಒಂದು ಸೆಕೆಂಡಿನಲ್ಲಿ ಸುಮಾರು 40 ಅಣುಗಳನ್ನು ಜೋಡಿಸುತ್ತಿದೆ ಎಂದಾಗುತ್ತದೆ.

ಮೂರೇ ನಿಮಿಷ ಏಕೆ? 1 ಮಿಲಿಮೋಲಾರ್ ಸಿಡಿಎನ್‌ಬಿ ಪೂರ್ತಿ ಮುಗಿದರೆ ಹೀರಿಕೆ 9.6ರಷ್ಟು ಏರಬೇಕು, ಯಾವ ಯಂತ್ರವೂ ಅದನ್ನು ನೆಚ್ಚುವಂತೆ ಓದಲಾರದು. ಹತ್ತನೇ ಒಂದು ಭಾಗ ಮುಗಿದಾಗಲೇ 0.96 ಏರಿರುತ್ತದೆ, ಮೇಲಿನ ಉದಾಹರಣೆಯಲ್ಲಿ ಅದಕ್ಕೆ ಐದು ನಿಮಿಷ ಸಾಕು. ಅದರಾಚೆಗೆ ಗೆರೆ ಬಾಗತೊಡಗುತ್ತದೆ, ಬಾಗಿದ ಗೆರೆಯಿಂದ ಆರಂಭದ ವೇಗ ತೆಗೆಯಬಾರದು.

ಎಲ್ಲಿ ಕೆಡುತ್ತದೆ, ಏಕೆ

ಗೆರೆ ಮೊದಲ ಅರ್ಧ ನಿಮಿಷದಲ್ಲೇ ಬಾಗಿದರೆ ಕಿಣ್ವ ಹೆಚ್ಚಾಗಿದೆ. ಇನ್ನೂ ನಾಲ್ಕು ಪಟ್ಟು ತೆಳು ಮಾಡಿ ನೋಡಿ. ಕಿಣ್ವವನ್ನು ಅರ್ಧಕ್ಕಿಳಿಸಿದಾಗ ವೇಗವೂ ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಆ ಅಂಕಿಯನ್ನು ಎಲ್ಲೂ ಬರೆಯಬೇಡಿ. ಈ ಒಂದು ಪರೀಕ್ಷೆಯನ್ನು ಪ್ರತಿ ಹೊಸ ಟ್ಯೂಬಿಗೂ ಮಾಡಿದರೆ ಮುಂದಿನ ಅರ್ಧದಷ್ಟು ಗೊಂದಲ ತಪ್ಪುತ್ತದೆ.

ಗೆರೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಶುರುವಿನಲ್ಲೇ ಹೀರಿಕೆ ಹೆಚ್ಚಿದ್ದರೆ, ಸಿಡಿಎನ್‌ಬಿ ಪೂರ್ತಿ ಕರಗಿಲ್ಲ. ನೀರಿನಲ್ಲಿ ಅದು ಒಂದೆರಡು ಮಿಲಿಮೋಲಾರ್‌ಗಿಂತ ಹೆಚ್ಚು ಕರಗುವುದಿಲ್ಲ, ತಣ್ಣನೆಯ ಬಫರಿನಲ್ಲಿ ಇನ್ನೂ ಕಡಿಮೆ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಬೆಳಕನ್ನು ಚೆದುರಿಸುತ್ತವೆ, ಯಂತ್ರ ಅದನ್ನೂ ಹೀರಿಕೆ ಎಂದೇ ಓದುತ್ತದೆ. ಬಫರನ್ನು ಮೊದಲೇ ಬೆಚ್ಚಗೆ ಮಾಡಿರಬೇಕು ಎನ್ನುವುದು ಇದಕ್ಕೂ ಹೌದು, ವೇಗ ನಿಮಿಷದಿಂದ ನಿಮಿಷಕ್ಕೆ ತೆವಳಿ ಏರುವುದನ್ನು ತಪ್ಪಿಸುವುದಕ್ಕೂ ಹೌದು.

ಹಿಂದಿನ ದಿನ 100 ಯೂನಿಟ್ ತೋರಿಸಿದ ಕಿಣ್ವ ಇಂದು 50 ತೋರಿಸಿದರೆ ಮೊದಲು ಗ್ಲುಟಾಥಯೋನನ್ನು ಅನುಮಾನಿಸಿ. ಗಾಳಿಯಲ್ಲಿ ಅದರ ಎರಡು ಅಣುಗಳು ಜೋಡಿಯಾಗಿ ನಿಷ್ಪ್ರಯೋಜಕವಾಗುತ್ತವೆ, ತಟಸ್ಥ ಅಥವಾ ಕ್ಷಾರೀಯ ಬಫರಿನಲ್ಲಿ ಕರಗಿಸಿಟ್ಟರೆ ಬೇಗ ಆಗುತ್ತವೆ. ಎಲ್‌ಮನ್ ಕಾರಕದಿಂದ 412 ನ್ಯಾನೋಮೀಟರಿನಲ್ಲಿ ಥಯೋಲ್ ಅಳೆದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅಲ್ಲಿ ಗುಣಾಂಕ ಪ್ರತಿ ಮೋಲಾರಿಗೆ, ಪ್ರತಿ ಸೆಂಟಿಮೀಟರಿಗೆ 14,150. ಗ್ಲುಟಾಥಯೋನ್ ಸರಿಯಿದ್ದರೆ ಆಗ ಕಿಣ್ವದ ಸರದಿ. ಒಂದು ಪಾಲಿಗೆ 5 ಮಿಲಿಮೋಲಾರ್ ಡಿಟಿಟಿ ಸೇರಿಸಿ ಅರ್ಧ ಗಂಟೆ ಮಂಜುಗಡ್ಡೆಯ ಮೇಲೆ ಬಿಟ್ಟು, ತೆಳು ಮಾಡಿ, ಮತ್ತೆ ಅಳೆಯಿರಿ. ಚಟುವಟಿಕೆ ಮರಳಿದರೆ ಸಿಸ್ಟೀನ್‌ಗಳ ಸೇತುವೆಯೇ ಕಾರಣ. ಮರಳದಿದ್ದರೆ ಪ್ರೋಟೀನು ಮುದ್ದೆಗಟ್ಟಿರಬಹುದು, ಅದನ್ನು ಸರಿಪಡಿಸುವ ದಾರಿ ಹುಡುಕುತ್ತ ದಿನ ಕಳೆಯುವುದಕ್ಕಿಂತ ಹೊಸ ಪಾಲು ತೆಗೆಯುವುದು ಮೇಲು.

96 ಬಾವಿಗಳ ಫಲಕದಲ್ಲಿ ಮಾಡುವವರು ಬೆಳಕಿನ ದಾರಿಯ ಉದ್ದವನ್ನು ಮರೆಯುತ್ತಾರೆ. ಕ್ಯುವೆಟ್‌ನಲ್ಲಿ ಅದು 1 ಸೆಂಟಿಮೀಟರ್, ಬಾವಿಯಲ್ಲಿ 200 ಮೈಕ್ರೋಲೀಟರ್ ಇದ್ದರೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಸರಿಪಡಿಸದೆ 9.6ರಿಂದಲೇ ಭಾಗಿಸಿದರೆ ಚಟುವಟಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಕುಸಿದಂತೆ ಕಾಣುತ್ತದೆ. ನೀರಿನ ಹೀರಿಕೆಯನ್ನು 975 ಮತ್ತು 900 ನ್ಯಾನೋಮೀಟರಿನಲ್ಲಿ ಅಳೆದು ವ್ಯತ್ಯಾಸವನ್ನು 0.18ರಿಂದ ಭಾಗಿಸಿದರೆ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ.

ಗ್ಲುಟಾಥಯೋನಿನ ಪ್ರಮಾಣ ಏರಿಸುತ್ತ ಕೆಎಂ ಅಳೆಯುವಾಗ ಇನ್ನೊಂದು ಬಲೆ. ಅದರ ದ್ರಾವಣ ಆಮ್ಲೀಯ. 1 ಮಿಲಿಮೋಲಾರ್ ಇದ್ದಾಗ ಬಫರ್ ತಡೆದುಕೊಳ್ಳುತ್ತದೆ, 10ಕ್ಕೆ ಹೋದರೆ ಪಿಎಚ್ ಜಾರುತ್ತದೆ, ವೇಗ ಇಳಿಯುತ್ತದೆ, ನೋಡುವವರಿಗೆ ಗ್ಲುಟಾಥಯೋನ್ ಹೆಚ್ಚಾದರೆ ಕಿಣ್ವ ತಡೆಯಲ್ಪಡುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ದ್ರಾವಣವನ್ನು ಬಳಕೆಗೆ ಸ್ವಲ್ಪ ಮೊದಲು ಪಿಎಚ್ 6.5ಕ್ಕೆ ತಂದುಕೊಳ್ಳಬೇಕು. ಪ್ರತಿ ಪ್ರಮಾಣಕ್ಕೂ ಅದರದೇ ಬ್ಲಾಂಕ್ ಬೇಕು, ಏಕೆಂದರೆ ಕಿಣ್ವವಿಲ್ಲದ ವೇಗ ಗ್ಲುಟಾಥಯೋನಿನ ಜೊತೆಗೇ ಏರುತ್ತದೆ. ಸಿಡಿಎನ್‌ಬಿ ಕಡೆಯಿಂದ ಅಳೆಯುವಾಗ ತೊಂದರೆ ಬೇರೆ. ಅದರ ಕೆಎಂ ಸುಮಾರು 1 ಮಿಲಿಮೋಲಾರ್, ಕರಗುವ ಮಿತಿಯೂ ಅಲ್ಲೇ ಹತ್ತಿರದಲ್ಲಿದೆ. ಕಿಣ್ವವನ್ನು ತುಂಬಿ ತುಳುಕುವಷ್ಟು ಸಿಡಿಎನ್‌ಬಿ ಕೊಡಲು ಆಗುವುದೇ ಇಲ್ಲ. ಹಾಗಾಗಿ ಗರಿಷ್ಠ ವೇಗವೆಂದು ಬರೆಯುವುದು ಗೆರೆಯನ್ನು ಮುಂದಕ್ಕೆ ಎಳೆದು ಪಡೆದ ಅಂದಾಜು, ಹಾಗೆಂದೇ ಬರೆಯಬೇಕು.

ತಡೆಕಾರಿಗಳನ್ನು ಹುಡುಕುವಾಗ

ಈ ಕಿಣ್ವವನ್ನು ಕೊಳ್ಳುವವರಲ್ಲಿ ಬಹಳ ಮಂದಿಗೆ ಬೇಕಿರುವುದು ಅದನ್ನು ತಡೆಯುವ ಅಣು. ಇಲ್ಲಿ ಸುಳ್ಳು ಫಲಿತಾಂಶಗಳು ಸಾಲುಗಟ್ಟಿ ಬರುತ್ತವೆ. ಗಿಡಮೂಲಿಕೆಯ ಸಾರಗಳು, ಹಳದಿ ಬಣ್ಣದ ಫ್ಲೇವನಾಯ್ಡ್‌ಗಳು 340ರಲ್ಲಿ ತಾವೇ ಬೆಳಕು ಹೀರುತ್ತವೆ. ಕ್ವಿನೋನ್‌ನಂಥ ಅಣುಗಳು ಗ್ಲುಟಾಥಯೋನನ್ನೇ ತಿಂದು ಮುಗಿಸುತ್ತವೆ. ಕಿಣ್ವ ಆರೋಗ್ಯವಾಗಿಯೇ ಇರುತ್ತದೆ, ಅದಕ್ಕೆ ಬೇಕಾದ್ದು ಮಾತ್ರ ಇರುವುದಿಲ್ಲ. ಇನ್ನು ಕೆಲವು ಅಣುಗಳು ಗುಂಪುಗೂಡಿ ಕಿಣ್ವವನ್ನು ಅಪ್ಪಿಕೊಳ್ಳುತ್ತವೆ. ಶೇ. 0.01 ಟ್ರೈಟನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿದಾಗ ತಡೆ ಮಾಯವಾದರೆ ಅದು ಆ ಬಗೆಯದು. ಅಣು, ಗ್ಲುಟಾಥಯೋನ್, ಸಿಡಿಎನ್‌ಬಿ ಇದ್ದು ಕಿಣ್ವವಿಲ್ಲದ ಒಂದು ಓಟವನ್ನು ಪ್ರತಿ ಅಣುವಿಗೂ ಮಾಡಲೇಬೇಕು. ಅಣುಗಳನ್ನು ಕರಗಿಸಲು ಬಳಸುವ ಡಿಎಂಎಸ್‌ಒ ಎಲ್ಲ ಕ್ಯುವೆಟ್‌ಗಳಲ್ಲೂ ಒಂದೇ ಪ್ರಮಾಣದಲ್ಲಿರಲಿ, ಶೇ. 1 ಮೀರದಿರಲಿ.

ಹೋಲಿಕೆಗೆ ಬಳಸುವ ಎಥಾಕ್ರಿನಿಕ್ ಆಮ್ಲವೂ ಸರಳ ತಡೆಕಾರಿಯಲ್ಲ. ಅದು ಕಿಣ್ವದ ಕೆಲಸಕ್ಕೆ ತಾನೂ ಒಳಗಾಗಿ ಗ್ಲುಟಾಥಯೋನಿನೊಂದಿಗೆ ಜೋಡಿಯಾಗುತ್ತದೆ, 47ನೇ ಸಿಸ್ಟೀನಿಗೂ ಅಂಟಬಲ್ಲದು. ಕಿಣ್ವದ ಜೊತೆ ಮೊದಲೇ ಎಷ್ಟು ಹೊತ್ತು ಬಿಟ್ಟಿರಿ, ಆಗ ಗ್ಲುಟಾಥಯೋನ್ ಇತ್ತೇ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಈ ಎರಡು ವಿವರಗಳಿಲ್ಲದ ಐಸಿ50 (ವೇಗವನ್ನು ಅರ್ಧಕ್ಕಿಳಿಸುವ ಪ್ರಮಾಣ) ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು.

ಯಾವ ರೂಪಾಂತರ ಕೊಂಡಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ಮನುಷ್ಯರಲ್ಲಿ ಜಿಎಸ್‌ಟಿಪಿ1ರ 105ನೇ ಸ್ಥಾನದಲ್ಲಿ ಕೆಲವರಿಗೆ ಐಸೊಲ್ಯೂಸಿನ್, ಕೆಲವರಿಗೆ ವ್ಯಾಲಿನ್ ಇರುತ್ತದೆ. ಇದನ್ನೇ 104 ಎಂದು ಬರೆದ ಬರಹಗಳೂ ಇವೆ. ವ್ಯಾಲಿನ್ ರೂಪ ಸಿಡಿಎನ್‌ಬಿಯನ್ನು ಸಡಿಲವಾಗಿ ಹಿಡಿಯುತ್ತದೆ, ಅದರ ಕೆಎಂ ಹೆಚ್ಚು. ಅದೇ ರೂಪ ಹೊಗೆಯಲ್ಲಿರುವ ಬಹುಉಂಗುರ ಹೈಡ್ರೋಕಾರ್ಬನ್‌ಗಳಿಂದ ಹುಟ್ಟುವ ಡಯೋಲ್ ಎಪಾಕ್ಸೈಡ್‌ಗಳ ಮೇಲೆ ಹೆಚ್ಚು ಚುರುಕು. ಸಿಡಿಎನ್‌ಬಿಯಲ್ಲಿ ಹಿಂದೆ ಬಿದ್ದದ್ದು ದುರ್ಬಲ ಕಿಣ್ವ ಎಂದು ತೀರ್ಮಾನಿಸಲಾಗದು. ಥೀಟಾ ವರ್ಗದ ಜಿಎಸ್‌ಟಿಟಿ1 ಅಂತೂ ಸಿಡಿಎನ್‌ಬಿಯನ್ನು ಬಹುತೇಕ ಮುಟ್ಟುವುದೇ ಇಲ್ಲ, ಆ ಕಿಣ್ವವನ್ನು ಕೊಂಡು ಈ ಪ್ರಯೋಗ ಮಾಡಿದರೆ ಸತ್ತ ಸರಕು ಬಂದಿದೆ ಎನಿಸುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಅಂಗಾಂಶದ ಕಚ್ಚಾ ಸಾರದಲ್ಲಿ ಸಿಡಿಎನ್‌ಬಿ ತೋರಿಸುವುದು ಆಲ್ಫಾ, ಮ್ಯೂ, ಪೈ ಎಲ್ಲವುಗಳ ಮೊತ್ತವನ್ನು, ಜಿಎಸ್‌ಟಿಪಿ1 ಒಂದನ್ನಲ್ಲ.

‘ವಿಷ ಇಳಿಸುವ’ ಎಂಬ ವಿಶೇಷಣವನ್ನೂ ಸ್ವಲ್ಪ ಹಿಡಿತದಲ್ಲಿಟ್ಟು ಬಳಸಬೇಕು. 1,2-ಡೈಬ್ರೋಮೋಈಥೇನ್‌ಗೆ ಗ್ಲುಟಾಥಯೋನ್ ಜೋಡಿಸಿದಾಗ ಹುಟ್ಟುವ ಅಣು ಮೊದಲಿನದಕ್ಕಿಂತ ಅಪಾಯಕಾರಿ, ನೇರವಾಗಿ ಡಿಎನ್‌ಎಗೆ ಅಂಟುತ್ತದೆ. ಪ್ಯಾರಾಸಿಟಮಾಲ್‌ನ ಕಥೆ ಇನ್ನೂ ಬೆರಗಿನದು. ಅತಿಯಾಗಿ ಸೇವಿಸಿದಾಗ ಯಕೃತ್ತಿನಲ್ಲಿ ಹುಟ್ಟುವ ನ್ಯಾಪ್‌ಕ್ವಿ ಎಂಬ ವಿಷಕಾರಿ ಅಣುವನ್ನು ಶುದ್ಧ ಪೈ ವರ್ಗದ ಕಿಣ್ವ ಪ್ರಯೋಗನಾಳದಲ್ಲಿ ಚುರುಕಾಗಿ ಗ್ಲುಟಾಥಯೋನಿಗೆ ಜೋಡಿಸುತ್ತದೆ. ಹಾಗಾದರೆ ಈ ಕಿಣ್ವವಿಲ್ಲದ ಇಲಿಗಳಿಗೆ ಪ್ಯಾರಾಸಿಟಮಾಲ್ ಹೆಚ್ಚು ಹಾನಿ ಮಾಡಬೇಕಿತ್ತು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆದದ್ದು ತಿರುಗಾಮುರುಗಾ: ಕಿಣ್ವವಿಲ್ಲದ ಇಲಿಗಳ ಯಕೃತ್ತೇ ಹೆಚ್ಚು ತಾಳಿಕೊಂಡಿತು. ಯಕೃತ್ತಿನ ಪ್ರೋಟೀನುಗಳಿಗೆ ಅಂಟಿದ ವಿಷದ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಗ್ಲುಟಾಥಯೋನ್ ಎರಡರಲ್ಲೂ ಬೇಗನೆ ಕುಸಿಯಿತು, ಮತ್ತೆ ಚೇತರಿಸಿಕೊಂಡದ್ದು ಮಾತ್ರ ಕಿಣ್ವವಿಲ್ಲದ ಇಲಿಗಳಲ್ಲಿ.